ತೊಗರಿ ಹೊಲದ ಮುಂಗುಸಿ, ಕಾಳಿನ ಕೋಣೆಯ ಇಲಿ ಪಾಷಾಣ

ಕಳೆದ ತೊಗರಿ ರಾಶಿಯ ಹೊತ್ತಿಗೆ ಚಿಂಚೋಳಿ ಕಡೆಯ ರೈತರೊಬ್ಬರು ಗೋಣಿಚೀಲದಲ್ಲಿ ಮುಂಗುಸಿಯೊಂದನ್ನು ತಂದು, "ಹಾವಿನ ಕೂಡ ಬಡದಾಡಿ ಕಚ್ಚಿಸಿಕೊಂಡದ್ರಿ ಸಾಹೇಬ್ರ" ಎಂದರು. ಮೈಮೇಲೆ ಕಡಿತದ ಗುರುತಾಗಲಿ ಬಾವಾಗಲಿ ಕಾಣಲಿಲ್ಲ. ಆದರೆ ವಸಡು ಸುಣ್ಣದಂತೆ ಬಿಳಿಚಿತ್ತು, ಮೂಗಿನಿಂದ ರಕ್ತ ಜಿನುಗುತ್ತಿತ್ತು, ಸೂಜಿ ಚುಚ್ಚಿದ ಜಾಗದಲ್ಲಿ ಎಷ್ಟು ಹೊತ್ತಾದರೂ ರಕ್ತ ನಿಲ್ಲಲಿಲ್ಲ. ವಿಚಾರಿಸಿದಾಗ, ಕಾಳಿನ ಕೋಣೆಯಲ್ಲಿ ವಾರದ ಹಿಂದೆ ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣದ ಬಿಲ್ಲೆ ಇಟ್ಟದ್ದು ತಿಳಿಯಿತು. ವಿಟಮಿನ್ ಕೆ1 ಚುಚ್ಚುಮದ್ದು ಕೊಟ್ಟೆ. ಅರಣ್ಯ ಸಿಬ್ಬಂದಿ ಬರುವಷ್ಟರಲ್ಲಿ ಅದು ಸತ್ತಿತ್ತು.

ಈ ಪಾಷಾಣದ ತೊಡಕು ಇರುವುದು ಅದರ ನಿಧಾನದಲ್ಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಯ ಕೆಲಸವನ್ನು ಅದು ತಡೆಯುವುದರಿಂದ, ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಮಂಕಾಗಿ ಬಯಲಿನಲ್ಲೇ ತಿರುಗುತ್ತದೆ. ಹಗಲಿನಲ್ಲಿ ಬೇಟೆಯಾಡುವ ಮುಂಗುಸಿಗೆ ಅದಕ್ಕಿಂತ ಸುಲಭದ ತುತ್ತು ಬೇರೆ ಸಿಗದು.

ಹಾಗೆ ನೋಡಿದರೆ ಮುಂಗುಸಿಯ ಊಟದಲ್ಲಿ ಹಾವಿನ ಪಾಲು ನಮ್ಮ ಜನ ನಂಬಿರುವಷ್ಟಿಲ್ಲ. ಇಲಿ, ಓತಿಕೇತ, ಮಿಡತೆ, ಜೀರುಂಡೆ, ಚೇಳು, ಕಪ್ಪೆ, ಹಕ್ಕಿಯ ಮೊಟ್ಟೆ, ಉದುರಿದ ಹಣ್ಣು, ಎಲ್ಲವೂ ಅದಕ್ಕೆ ಆಗುತ್ತದೆ. ಕೋಳಿಮರಿ ಒಯ್ಯುತ್ತದೆಂಬ ದೂರೂ ಸುಳ್ಳಲ್ಲ. ನಾಗರಹಾವಿನ ನರವಿಷ ಅಂಟಿಕೊಳ್ಳಬೇಕಾದ ಸ್ನಾಯುವಿನ ತಾಣದ (ರಿಸೆಪ್ಟರ್) ರಚನೆ ಮುಂಗುಸಿಯಲ್ಲಿ ತುಸು ಬೇರೆಯಾಗಿರುವುದರಿಂದ ಆ ವಿಷವನ್ನು ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ರಕ್ತವನ್ನು ಕೆಡಿಸುವ ವಿಷಕ್ಕೆ, ಅದು ಮಂಡಲದ ಹಾವಿನದಿರಲಿ ನಮ್ಮ ಬಿಲ್ಲೆಯದಿರಲಿ, ಆ ಕವಚ ಒದಗುವುದಿಲ್ಲ.

ನಮ್ಮ ಹೊಲಗಳಲ್ಲಿ ಕಾಣುವುದು ಬೂದು ಮುಂಗುಸಿ. ಬಾಲದ ತುದಿ ಕಪ್ಪಾಗಿ ಮೇಲಕ್ಕೆ ಬಾಗಿದ್ದರೆ ಅದು ಒಣಕಾಡು, ಬಂಡೆಗುಡ್ಡಗಳನ್ನು ಬಯಸುವ ಕೆಂಗಂದು ಮುಂಗುಸಿ. ಬೂದು ಮುಂಗುಸಿಗೆ ದಟ್ಟ ಕಾಡು ಬೇಕಿಲ್ಲ. ಒಡ್ಡಿನ ಮೇಲಿನ ಜಾಲಿ ಪೊದೆ, ಹಳ್ಳದ ದಂಡೆಯ ಬಿಲ ಸಾಕು. ತೊಗರಿ ಕಿತ್ತ ಮೇಲೆ ಒಡ್ಡಿಗೆ ಬೆಂಕಿ ಹಚ್ಚುವ ರೂಢಿಯಿಂದ ಹೋಗುವುದು ಇದೇ ನೆಲೆ.

ಚಿತ್ರ ಬರೆಯುವ ಕುಂಚದ ಕೂದಲಿಗಾಗಿಯೂ ಮುಂಗುಸಿಯನ್ನು ಕೊಲ್ಲುತ್ತಾರೆ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿಯುವುದು, ಸಾಕುವುದು, ಕೂದಲು ಮಾರುವುದು ಎಲ್ಲವೂ ಅಪರಾಧ. ಗಾಯಗೊಂಡದ್ದು ಸಿಕ್ಕರೆ ರೇಬಿಸ್ ಭಯವಿರುವುದರಿಂದ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಪಾಷಾಣ ಇಡಲೇಬೇಕಾದವರು ಮುಚ್ಚಿದ ಪೆಟ್ಟಿಗೆಯಲ್ಲಿಡಲಿ, ದಿನಾ ಬೆಳಿಗ್ಗೆ ಸತ್ತ ಇಲಿಗಳನ್ನು ಆರಿಸಿ ಮೊಳದಾಳ ಹೂಳಲಿ. ಆ ರೈತರು ಈ ಸಲ ಬಿಲ್ಲೆಯ ಬದಲು ಇಲಿಬೋನು ಕೊಂಡಿದ್ದಾರೆ. ಒಡ್ಡಿನ ಪೊದೆಯನ್ನು ಮಾತ್ರ ಕಡಿದು ಹಾಕಿದ್ದಾರೆ.