ಎತ್ತರದ ಹೀಟ್‌ಸಿಂಕ್ ಇರುವ ರ‍್ಯಾಮ್ ದೊಡ್ಡ ಕೂಲರ್ ಕೆಳಗೆ ಕೂರುತ್ತಾ?

ಪ್ರಶ್ನೆ: ಪ್ರೊಸೆಸರ್ ತಣ್ಣಗಿಡಲು ನೊಕ್ಟುವಾ ಎನ್‌ಎಚ್-ಡಿ15 ಕೂಲರ್ ಕೊಂಡಿದ್ದೇನೆ. ಜೊತೆಗೆ 44 ಮಿ.ಮೀ. ಎತ್ತರದ ಜಿ.ಸ್ಕಿಲ್ ಟ್ರೈಡೆಂಟ್ ಝಡ್ ಆರ್‌ಜಿಬಿ ರ‍್ಯಾಮ್ ಹಾಕಬಹುದಾ?

ಉತ್ತರ: ಹಾಕಬಹುದು. ರ‍್ಯಾಮ್ ಕೂರುವುದೇನೋ ಕೂರುತ್ತದೆ, ಕ್ಯಾಬಿನೆಟ್ ಬಾಗಿಲು ಮುಚ್ಚುತ್ತದೆಯೇ ಅನ್ನುವುದನ್ನು ಮೊದಲು ನೋಡಿ.

ಎರಡೂ ಫ್ಯಾನ್ ಹಾಕಿದಾಗ ಡಿ15ರ ಮುಂದಿನ ಫ್ಯಾನ್ ಕೆಳಗೆ ರ‍್ಯಾಮ್‌ಗೆ ಉಳಿಯುವ ಜಾಗ 32 ಮಿ.ಮೀ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಇಲ್ಲದ ಬರಿಯ ರ‍್ಯಾಮ್ ಸ್ಟಿಕ್ಕೇ ಸುಮಾರು 31 ಮಿ.ಮೀ. ಇರುತ್ತದೆ. ನಿಮ್ಮದು 44, ಅಂದರೆ ಫ್ಯಾನನ್ನು 12 ಮಿ.ಮೀ. ಮೇಲಕ್ಕೆ ಸರಿಸಿ ಕ್ಲಿಪ್ ಹಾಕಬೇಕು. 165 ಮಿ.ಮೀ. ಎತ್ತರದ ಕೂಲರ್ ಆಗ ಹೆಚ್ಚುಕಡಿಮೆ 177 ಆಗುತ್ತದೆ. ನಿಮ್ಮ ಕ್ಯಾಬಿನೆಟ್ 170ರವರೆಗಿನ ಕೂಲರ್‌ಗಷ್ಟೇ ಜಾಗ ಕೊಡುವುದಾದರೆ ಪಕ್ಕದ ಗಾಜು ಫ್ಯಾನಿಗೆ ತಾಗುತ್ತದೆ. ಹಾಗಿದ್ದರೆ ಮುಂದಿನ ಫ್ಯಾನ್ ತೆಗೆದು ನಡುವಿನದೊಂದನ್ನೇ ಉಳಿಸಿಕೊಳ್ಳಿ. ರ‍್ಯಾಮ್‌ಗೆ 64 ಮಿ.ಮೀ. ಸಿಗುತ್ತದೆ, ಪ್ರೊಸೆಸರ್ ತುಸು ಹೆಚ್ಚು ಬಿಸಿಯಾಗುತ್ತದೆ ಅಷ್ಟೆ.

ಇನ್ನೂ ರ‍್ಯಾಮ್ ಕೊಂಡಿಲ್ಲವಾದರೆ ಕೋರ್ಸೇರ್ ವೆಂಜೆನ್ಸ್ ಎಲ್‌ಪಿಎಕ್ಸ್‌ನಂಥ ಗಿಡ್ಡ ಸ್ಟಿಕ್ ನೋಡಿ. ಡಿಡಿಆರ್4 ಪೀಳಿಗೆಯ ಸ್ಟಿಕ್ 1.35 ವೋಲ್ಟ್‌ನಲ್ಲಿ ಓಡಿದರೂ ತಿನ್ನುವುದು ಕೆಲವೇ ವ್ಯಾಟ್. ಹೀಟ್‌ಸಿಂಕ್‌ನ ಎತ್ತರದ ಆ ಕೊಂಬುಗಳು ಬಹುಪಾಲು ಅಂದಕ್ಕೆ. ಹಾಗೆಂದು ಕೊಂಡ ಸ್ಟಿಕ್ಕಿನ ಹೀಟ್‌ಸಿಂಕ್ ಕಿತ್ತು ಗಿಡ್ಡ ಮಾಡಲು ಹೋಗಬೇಡಿ. ಅಂಟು ಗಟ್ಟಿಯಾಗಿರುತ್ತದೆ, ಎಳೆದರೆ ಮೆಮರಿ ಚಿಪ್ಪೇ ಸ್ಟಿಕ್ಕಿನಿಂದ ಕಿತ್ತು ಬರಬಹುದು. ವಾರಂಟಿಯೂ ಹೋಯಿತು.

ಜೋಡಿಸುವಾಗ ರ‍್ಯಾಮ್ ಮೊದಲು, ಕೂಲರ್ ಆಮೇಲೆ, ಮುಂದಿನ ಫ್ಯಾನ್ ಕಟ್ಟಕಡೆಗೆ. ಕೂಲರ್ ಕೂತ ಮೇಲೆ ಪ್ರೊಸೆಸರ್ ಪಕ್ಕದ ಸ್ಲಾಟಿಗೆ ಬೆರಳು ಹೋಗುವುದಿಲ್ಲ. ನಾಲ್ಕು ಸ್ಲಾಟಿನ ಮದರ್‌ಬೋರ್ಡ್‌ಗಳಲ್ಲಿ ಎರಡು ಸ್ಟಿಕ್ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ; ಬೋರ್ಡಿನ ಕೈಪಿಡಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಫ್ಯಾನಿಗೆ ಅಡ್ಡ ಬರುತ್ತದೆಂದು ಬೇರೆ ಸ್ಲಾಟಿಗೆ ಹಾಕಿದರೆ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಜೊತೆಯಾಗಿ ವೇಗ ಕೊಡುವ ವ್ಯವಸ್ಥೆ) ತಪ್ಪಬಹುದು.

ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಸರಿಹೊಂದಿಸಿ, ಎರಡೂ ತುದಿಗಳಲ್ಲಿ ಹೆಬ್ಬೆರಳಿಟ್ಟು ನೇರ ಕೆಳಗೆ ಒತ್ತಿ. ನಡುವಿನ ಲೈಟ್ ಪಟ್ಟಿಯ ಮೇಲೆ ಒತ್ತಬೇಡಿ, ಆ ಪ್ಲಾಸ್ಟಿಕ್ ಬಿರಿಯಬಹುದು. ಒಂದೇ ಕಡೆ ಲ್ಯಾಚ್ (ಸ್ಟಿಕ್ ಹಿಡಿಯುವ ಕೊಂಡಿ) ಇರುವ ಬೋರ್ಡ್‌ಗಳಲ್ಲಿ ಲ್ಯಾಚ್ ಇಲ್ಲದ ತುದಿ ಅರೆಬರೆ ಕೂತಿದ್ದರೂ ಇನ್ನೊಂದು ತುದಿ ‘ಕ್ಲಿಕ್’ ಅನ್ನುವುದುಂಟು. ಬಂಗಾರದ ಬಣ್ಣದ ಪಿನ್ನುಗಳು ಎರಡೂ ತುದಿಯಲ್ಲಿ ಸಮನಾಗಿ ಒಳಗೆ ಹೋಗಿವೆಯೇ ಎಂದು ಬಗ್ಗಿ ನೋಡಿ.

ಸ್ಕ್ರೀನ್ ಬರದೆ ಬೋರ್ಡಿನಲ್ಲಿ ‘ಡಿರ‍್ಯಾಮ್’ ದೀಪ ಉರಿಯುತ್ತಲೇ ಇದ್ದರೆ ಮೊದಲು ಸ್ಟಿಕ್ ತೆಗೆದು ಮತ್ತೆ ಒತ್ತಿ. ಡಿಡಿಆರ್5 ಪೀಳಿಗೆಯದಾಗಿದ್ದರೆ ಮಾತ್ರ ಅವಸರ ಬೇಡ: ಮೊದಲ ಸಲ ಆನ್ ಮಾಡಿದಾಗ ಮೆಮರಿ ಟ್ರೇನಿಂಗಿಗೆ (ಬೋರ್ಡ್ ರ‍್ಯಾಮ್‌ಗೆ ತಕ್ಕಂತೆ ಹೊಂದಿಸಿಕೊಳ್ಳುವುದಕ್ಕೆ) ಕೆಲವು ನಿಮಿಷ ಹಿಡಿಯಬಹುದು, ಮಧ್ಯೆ ಪವರ್ ತೆಗೆಯಬೇಡಿ.