ಡಬ್ಬಿ ತೆರೆದು ನೋಡದ ಗೆಳತಿ

ಫ್ರೆಂಚ್ ಕಥೆಗಾರ ಮೋಪಾಸಾನ ‘ನೆಕ್ಲೇಸ್’ ಕಥೆಯನ್ನು ಪಾಠ ಮಾಡಿದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದೇ ಉತ್ತರ ಬರುತ್ತದೆ: ಮಟಿಲ್ಡಾಗೆ ಶೋಕಿ ಜಾಸ್ತಿ, ಅದಕ್ಕೇ ಅನುಭವಿಸಿದಳು. ಈ ಉತ್ತರ ನನಗೆ ಸಾಲದು. ಶೋಕಿ ಮಾಡಿದ್ದು ಒಂದು ರಾತ್ರಿ. ಹತ್ತು ವರ್ಷ ದುಡಿಸಿದ್ದು ಬೇರೆಯದೇ.

1884ರ ಕಥೆ ಇದು. ಮಟಿಲ್ಡಾಳ ಗಂಡ ಪ್ಯಾರಿಸ್ಸಿನ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತ. ಮೋಪಾಸಾ ಕೂಡ ನೌಕಾ ಇಲಾಖೆಯಲ್ಲಿ, ಆಮೇಲೆ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ಆ ಸಂಬಳದ ಇಕ್ಕಟ್ಟು ಅವನಿಗೆ ಗೊತ್ತಿತ್ತು. ಮಂತ್ರಿಯ ಔತಣಕ್ಕೆ ಕರೆ ಬಂದಾಗ, ಬೇಟೆಯ ಬಂದೂಕಿಗೆಂದು ಕೂಡಿಟ್ಟ 400 ಫ್ರಾಂಕ್ ಅನ್ನು ಗಂಡ ಹೆಂಡತಿಯ ಉಡುಪಿಗೆ ಕೊಡುತ್ತಾನೆ. ವಜ್ರದ್ದೆಂದು ನಂಬಿದ ಸರವನ್ನು ಅವಳು ಶ್ರೀಮಂತ ಗೆಳತಿ ಫೋರೆಸ್ಟಿಯೆಯಿಂದ ಎರವಲು ತರುತ್ತಾಳೆ. ಮಂತ್ರಿಯ ಔತಣ ಮುಗಿದ ಮೇಲೆ ಉಳಿದ ಹೆಂಗಸರು ತುಪ್ಪಳದ ಕೋಟು ಹೊದ್ದುಕೊಳ್ಳುತ್ತಾರೆ. ತನ್ನ ಸಾದಾ ಹೊದಿಕೆ ಅವರ ಕಣ್ಣಿಗೆ ಬೀಳಬಾರದೆಂದು ಇವಳು ಮೆಟ್ಟಿಲಿಳಿದು ಓಡುತ್ತಾಳೆ. ಮನೆಗೆ ಬಂದಾಗ ಕೊರಳಲ್ಲಿ ಸರವಿಲ್ಲ. ಸರ ಆ ಅವಸರದಲ್ಲೇ ಜಾರಿರಬೇಕು ಅನ್ನುವುದು ನನ್ನ ಊಹೆ, ಕಥೆ ಅದನ್ನು ಹೇಳುವುದಿಲ್ಲ.

ನಿಜವಾದ ತಿರುವು ಬರುವುದು ಇದಾದ ಮೇಲೆ. ಸರ ಎಲ್ಲೂ ಸಿಗದಿದ್ದಾಗ ಗಂಡ ಹೇಳುತ್ತಾನೆ: ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಗೆಳತಿಗೆ ಬರೆ. ಅವನು ಹೇಳಿದಂತೆ ಅವಳು ಬರೆಯುತ್ತಾಳೆ. ಈ ಸುಳ್ಳು ಶೋಕಿಯಿಲ್ಲದ, ಒಳ್ಳೆಯ ಗಂಡನದು! ‘ಕಳೆದುಹೋಯಿತು’ ಎಂದಿದ್ದರೆ ಅದು ನಕಲಿ ಸರ, ಹೆಚ್ಚೆಂದರೆ 500 ಫ್ರಾಂಕಿನದು ಎಂದು ಅಂದೇ ತಿಳಿಯುತ್ತಿತ್ತು. ಆದರೆ ಬಡವರು ಉಳ್ಳವರ ಒಡವೆ ಕಳೆದೆವು ಎಂದು ಹೇಳುವುದು ಅಷ್ಟು ಸುಲಭವಲ್ಲ, ಅಲ್ವಾ? ಹೊಸ ಸರ ಕೊಡುವಾಗಲೂ ಮಟಿಲ್ಡಾಗೆ ಇದ್ದ ಭಯ ಒಂದೇ: ಗೆಳತಿ ನನ್ನನ್ನು ಕಳ್ಳಿ ಅಂದುಕೊಂಡರೆ?

ಸರ ನಕಲಿ ಎಂಬ ಸುಳಿವನ್ನು ಮೋಪಾಸಾ ನಮ್ಮ ಎದುರಿಗೇ ಇಟ್ಟಿದ್ದಾನೆ. ಡಬ್ಬಿಯ ಮೇಲೆ ಹೆಸರಿದ್ದ ವ್ಯಾಪಾರಿ ಲೆಕ್ಕದ ಪುಸ್ತಕ ನೋಡಿ, ಸರ ನಾನು ಮಾರಿದ್ದಲ್ಲ, ಡಬ್ಬಿ ಮಾತ್ರ ನನ್ನದು ಅನ್ನುತ್ತಾನೆ. ದಂಪತಿಗಳು ಅಲ್ಲಿ ನಿಂತು ಯೋಚಿಸುವುದಿಲ್ಲ. ಮೊದಲ ಸಲ ಓದುವಾಗ ನಾವೂ ಮುಂದಕ್ಕೆ ಹೋಗಿಬಿಡುತ್ತೇವೆ. 36,000 ಫ್ರಾಂಕಿಗೆ ಬೇರೆ ಸರ ಕೊಳ್ಳುತ್ತಾರೆ, ಅದರಲ್ಲಿ ಅರ್ಧ ಸಾಲ, ತೀರಿಸಲು ಹತ್ತು ವರ್ಷ ದುಡಿಯುತ್ತಾರೆ. ಗೆಳತಿಯೋ, ತಡವಾಯಿತೆಂದು ಗೊಣಗುತ್ತಾಳೆ, ಡಬ್ಬಿ ತೆರೆದೂ ನೋಡುವುದಿಲ್ಲ.

ಸಾಲ ತೀರಿದ ಮೇಲೆ ಗೆಳತಿಯೊಂದಿಗೆ ಆಗುವ ಕೊನೆಯ ಭೇಟಿಯಲ್ಲಿ ಒಂದು ಸಾಲನ್ನು ನಾನು ಎರಡು ಸಲ ಓದಿಸುತ್ತೇನೆ. ಪಾತ್ರೆ ತಿಕ್ಕಿ, ನೀರು ಹೊತ್ತು ಕೈ ಒರಟಾದ ಮಟಿಲ್ಡಾ, ಬದಲಿ ಸರ ಕೊಟ್ಟದ್ದು ನಿನಗೆ ಗೊತ್ತೇ ಆಗಲಿಲ್ಲ, ಎರಡೂ ಒಂದೇ ಥರ ಇದ್ದವು ಎಂದು ಹೆಮ್ಮೆಯಿಂದ ನಗುತ್ತಾಳೆ. ಹಿಂದೆ ಅವಳು ಹೆಮ್ಮೆಪಟ್ಟದ್ದು ಎರವಲು ಸರಕ್ಕೆ. ಈಗಿನ ಹೆಮ್ಮೆ ದುಡಿದು ತೀರಿಸಿದ ಸಾಲಕ್ಕೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ.