ಒಂದು ಚೀಲ ಜೋಳದಷ್ಟು ಯುರೇನಿಯಂ: ಅಣು ವಿದ್ಯುತ್ ಏಕೆ ಹೆಚ್ಚಬೇಕು?

ವಿಜಯಪುರದಿಂದ ಬಾಗಲಕೋಟೆಗೆ ರೈಲಿನಲ್ಲಿ ಹೋದವರಿಗೆ ಕೂಡಗಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳು ಗೊತ್ತೇ ಇರುತ್ತವೆ. ಅಲ್ಲಿ 800 ಮೆಗಾವ್ಯಾಟ್‌ನ ಮೂರು ಘಟಕಗಳಿವೆ, ಒಟ್ಟು 2,400. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಅಲ್ಲಿ ಉರಿಯುವುದೆಲ್ಲ ಹೊರಗಿನಿಂದಲೇ ಬರಬೇಕು. ಅಣು ವಿದ್ಯುತ್ ಬೇಕೇ ಎಂಬ ಪ್ರಶ್ನೆ ಬಂದರೆ ನಾನು ಉತ್ತರ ಶುರು ಮಾಡುವುದು ಇಲ್ಲಿಂದಲೇ. ಮೊದಲು ತೂಕದ ಲೆಕ್ಕ, ಆಮೇಲೆ ವಾದ.

ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಅಣು ರಿಯಾಕ್ಟರ್ ಇವೆ. ಒಂದನ್ನೇ ತೆಗೆದುಕೊಳ್ಳಿ. ಇಡೀ ದಿನ ಪೂರ್ತಿ ಓಡಿದರೆ 220 × 24 = 5,280 ಮೆಗಾವ್ಯಾಟ್-ಗಂಟೆ; ಒಂದಕ್ಕೆ ಸಾವಿರ ಯೂನಿಟ್, ಅಂದರೆ 52 ಲಕ್ಷ 80 ಸಾವಿರ ಯೂನಿಟ್. ಇಷ್ಟನ್ನೇ ಕಲ್ಲಿದ್ದಲಿನಿಂದ ಪಡೆಯಬೇಕಾದರೆ, ಯೂನಿಟ್‌ಗೆ ಸುಮಾರು 650 ಗ್ರಾಂ ಹಿಡಿದರೂ 3,400 ಟನ್ ಬೇಕು. ಹತ್ತಿರ ಹತ್ತಿರ ಒಂದು ಪೂರ್ತಿ ಗೂಡ್ಸ್ ರೈಲು! ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಸಾವಿರ ಟನ್ ಬೂದಿಯೇ ಉಳಿಯುತ್ತದೆ.

ಕೈಗಾದಲ್ಲಿ ಅದೇ ದಿನಕ್ಕೆ ಏಳೆಂಟು ಇಂಧನ ಕಟ್ಟು ಸಾಕು. ಒಂದು ಕಟ್ಟು ಅರ್ಧ ಮೀಟರ್ ಉದ್ದ, ಪೆನ್ಸಿಲ್‌ನಂಥ 19 ಕೊಳವೆಗಳು ಸೇರಿ ಆದದ್ದು. ಒಳಗೆ ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್. ಎಲ್ಲ ಸೇರಿದರೂ ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು. ನಮ್ಮ ಕಡೆ ಒಂದು ಚೀಲ ಬಿಳಿಜೋಳದ ತೂಕ, ಅಲ್ವಾ? ಈ ಲೆಕ್ಕ ಮೊದಲ ಸಲ ಹಾಕಿದಾಗ ನಂಬಿಕೆ ಬಾರದೆ ಮತ್ತೆ ಎರಡು ಸಲ ಹಾಕಿದೆ.

ಇದು ಹೇಗೆ ಸಾಧ್ಯ? ಕಲ್ಲಿದ್ದಲು ಉರಿದಾಗ ಪರಮಾಣುಗಳ ನಡುವಿನ ಕೊಂಡಿ ಮಾತ್ರ ಬದಲಾಗುತ್ತದೆ. ಯುರೇನಿಯಂನಲ್ಲಿ ಪರಮಾಣುವಿನ ನಡುವಿನ ಬೀಜವೇ ಒಡೆಯುತ್ತದೆ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಬಗೆ, ಯುರೇನಿಯಂ-235, ಇರುವುದು ಬರೀ 0.7 ಶೇಕಡಾ. ಬಂದು ಬಡಿಯುವ ನ್ಯೂಟ್ರಾನ್ ಎಂಬ ಕಣದ ವೇಗ ತಗ್ಗಿದರೆ ಇದು ಚೆನ್ನಾಗಿ ಒಡೆಯುತ್ತದೆ. ಆದರೆ ಸಾದಾ ನೀರು ನ್ಯೂಟ್ರಾನನ್ನೇ ನುಂಗಿಬಿಡುತ್ತದೆ. ಅದಕ್ಕೇ ಭಾರಜಲ: ವೇಗ ತಗ್ಗಿಸಿಯೂ ನ್ಯೂಟ್ರಾನನ್ನು ಅಷ್ಟಾಗಿ ನುಂಗದ, ಭಾರವಾದ ಹೈಡ್ರೋಜನ್ ಇರುವ ನೀರು. ಇನ್ನೊಂದು ಅನುಕೂಲ: ಇಲ್ಲಿ ಇಂಧನ ಅಡ್ಡ ಕೊಳವೆಗಳಲ್ಲಿ ಕೂತಿರುತ್ತದೆ. ರಿಯಾಕ್ಟರ್ ನಿಲ್ಲಿಸದೆ ಒಂದು ಕಡೆಯಿಂದ ಹೊಸದನ್ನು ತಳ್ಳಿ ಇನ್ನೊಂದು ಕಡೆಯಿಂದ ಹಳೆಯದನ್ನು ತೆಗೆಯಬಹುದು. ಕೈಗಾದ 1ನೇ ಘಟಕ 2016ರ ಮೇನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡದೆ ಓಡಿದ್ದಕ್ಕೆ ಇದೂ ಒಂದು ಕಾರಣ. ಅದು ಆಗ ವಿಶ್ವದಾಖಲೆ.

ಸೋಲಾರ್ ಇದೆಯಲ್ಲ ಎಂದು ಕೇಳಬಹುದು. ಬೇಕೇ ಬೇಕು. ಇಂಡಿ ತಾಲ್ಲೂಕಿನಲ್ಲಿ ನಮ್ಮದು ಲಿಂಬೆ ತೋಟ. ನಡುರಾತ್ರಿ ತ್ರೀ ಫೇಸ್ ಬಂದರೆ ಅಪ್ಪ ಬ್ಯಾಟರಿ ಹಿಡಿದು ಪಂಪ್‌ಸೆಟ್ ಚಾಲೂ ಮಾಡಲು ಹೋಗುತ್ತಾರೆ. ಹಾವಿನ ಭಯ ಅವ್ವನಿಗೆ. ಹಗಲು ಪಂಪ್‌ಸೆಟ್ ಓಡಿಸಲು ಸೋಲಾರ್‌ಗಿಂತ ಒಳ್ಳೆಯದು ಇಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಆಸ್ಪತ್ರೆ, ಕಾರ್ಖಾನೆ, ಮನೆಯ ದೀಪಕ್ಕೆ ಕರೆಂಟ್ ಬೇಕಲ್ಲ? ಅದನ್ನು ಈಗ ಬಹುಪಾಲು ಕಲ್ಲಿದ್ದಲು ಹೊರುತ್ತಿದೆ. ಗಣಿಯಿಂದ ಹಿಡಿದು ಸ್ಥಾವರ ಮುಚ್ಚುವವರೆಗಿನ ಇಂಗಾಲದ ಲೆಕ್ಕ ನೋಡಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯಲ್ಲಿ ಯೂನಿಟ್‌ಗೆ ಕಲ್ಲಿದ್ದಲಿನದು 820 ಗ್ರಾಂ, ಅಣು ವಿದ್ಯುತ್ತಿನದು 12.

ಈಗ ಎದುರು ವಾದ. ಇದನ್ನು ಬಿಟ್ಟರೆ ಉತ್ತರ ಅರ್ಧ. ರಿಯಾಕ್ಟರ್ ನಿಲ್ಲಿಸಿದರೂ ಒಲೆ ತಣ್ಣಗಾಗುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲೂ ಪೂರ್ತಿ ಶಾಖದ ಶೇಕಡಾ ಆರೇಳರಷ್ಟು ಬರುತ್ತಲೇ ಇರುತ್ತದೆ, ನಿಧಾನವಾಗಿ ಇಳಿಯುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಸುನಾಮಿ ನೀರು ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ತಂಪು ಮಾಡುವ ವ್ಯವಸ್ಥೆ ನಿಂತಿತು. ಬಳಸಿದ ಇಂಧನವನ್ನೂ ತಲೆಮಾರುಗಳ ಕಾಲ ಕಾಯಬೇಕು.

ನಮಗೆ ಇನ್ನೂ ಹತ್ತಿರದ ಪ್ರಶ್ನೆ ನೀರು. ಕೈಗಾದಂಥ ರಿಯಾಕ್ಟರ್ ತನ್ನ ಶಾಖದಲ್ಲಿ ಶೇಕಡಾ 30ರಷ್ಟನ್ನು ಮಾತ್ರ ಕರೆಂಟ್ ಮಾಡುತ್ತದೆ. ಕೂಡಗಿಯಂಥ ಹೊಸ ಘಟಕಕ್ಕಿಂತ ಇದು ಕಡಿಮೆ, ಹಾಗಾಗಿ ತಂಪು ಮಾಡಲು ನೀರು ಜಾಸ್ತಿ ಬೇಕು. ಕೂಡಗಿಗೇ ಆಲಮಟ್ಟಿಯ ನೀರು ಹೋಗುತ್ತಿದೆ. ಬೇಸಿಗೆಯಲ್ಲಿ ಕೃಷ್ಣೆ ಸೊರಗುವುದನ್ನು ನೋಡಿದ ನಾನು ನಮ್ಮ ಕಡೆಯ ಜಿಲ್ಲೆಗಳಲ್ಲಿ ಸ್ಥಾವರ ಕೇಳುವುದಿಲ್ಲ. ನೀರಿರುವಲ್ಲಿ ಕಟ್ಟಿ ತಂತಿ ಎಳೆಯುವುದೇ ಸರಿ. ಕೈಗಾದಿಂದ ಧಾರವಾಡದ ನರೇಂದ್ರಕ್ಕೆ 400 ಕಿಲೋವೋಲ್ಟ್ ವಿದ್ಯುತ್ ಲೈನ್ ಈಗಾಗಲೇ ಇದೆ. ಆದರೆ ಅಪಾಯದ ಭಾರ ಕೈಗಾ ಇರುವ ಕಾಳಿ ನದಿ ತೀರದವರ ಮೇಲೆ, ಬೆಳಕು ನಮಗೆ. ಅವರ ಆತಂಕಕ್ಕೆ ಮೊದಲು ಉತ್ತರ ಸಿಗಬೇಕು.

ಕೈಗಾದಲ್ಲಿ ಹೊಸದಾಗಿ ಬರಲಿರುವ 5 ಮತ್ತು 6ನೇ ಘಟಕ ತಲಾ 700 ಮೆಗಾವ್ಯಾಟ್. ಒಂದಕ್ಕೆ ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: ದಿನಕ್ಕೆ 1 ಕೋಟಿ 68 ಲಕ್ಷ ಯೂನಿಟ್. ಕಲ್ಲಿದ್ದಲಾಗಿದ್ದರೆ ಸುಮಾರು 11,000 ಟನ್, ಮೂರು ರೈಲು.